ಸೀಲ್ ಕಿಟ್ ಸಾಕಾ, ಹೊಸ ಕ್ಯಾಲಿಪರ್ ಬೇಕಾ?

ಹಳೆ ಪಿಕಪ್‌ನಲ್ಲಿ ಮೂಟೆ ಹೇರಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದಾಗ ಮುಂದಿನ ಒಂದೇ ಚಕ್ರ ವಿಪರೀತ ಕಾದಿದ್ದರೆ, ಆ ಬದಿಯ ಬ್ರೇಕ್ ಹಿಡಿದುಕೊಂಡಿರಬಹುದು. ಚಕ್ರ ಎತ್ತಿ, ಬ್ಲೀಡರ್ (ಬ್ರೇಕ್ ಎಣ್ಣೆ ಹೊರಬಿಡುವ ಪುಟ್ಟ ತಿರುಪು) ಸಡಿಲಿಸಿ. ಆಗ ಸಲೀಸಾಗಿ ತಿರುಗಿದರೆ ಅನುಮಾನ ಬ್ರೇಕ್ ಎಣ್ಣೆ ಸಾಗಿಸುವ ರಬ್ಬರ್ ಹೋಸ್ ಮೇಲೆ. ಕ್ಯಾಲಿಪರ್‌ಗೆ, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ, ಸುಮ್ನೆ ದುಡ್ಡು ಹಾಕಬೇಡಿ. ತಿರುಗದಿದ್ದರೆ ಮೊದಲು ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ನೋಡಿ. ತೊಳೆದು ಬ್ರೇಕ್ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಕ್ಯಾಲಿಪರ್ ಒಳಗೆ ಪ್ಯಾಡ್ ತಳ್ಳುವ ಪಿಸ್ಟನ್ನೇ ಕಚ್ಚಿದ್ದರೆ ಆಯ್ಕೆ ಎರಡು. ಸೀಲ್ ಕಿಟ್ (ಪಿಸ್ಟನ್ ಸುತ್ತಲಿನ ರಬ್ಬರ್ ಸೀಲುಗಳ ಸೆಟ್) ಅಗ್ಗ, ಆದರೆ ಪಿಸ್ಟನ್ ನುಣುಪಾಗಿರಬೇಕು, ಕೆಲಸವೂ ಚೊಕ್ಕವಾಗಿರಬೇಕು. ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲ್ ಕೂಡ ಬೇಗ ಹಾಳು. ಮಲೆನಾಡಿನ ಮಳೆಗೆ ತುಕ್ಕು ಜಾಸ್ತಿ ಅಲ್ವಾ, ನನ್ನ ಓಟು ಹೊಸ ಕ್ಯಾಲಿಪರ್‌ಗೆ. ಯಾವುದನ್ನು ಆರಿಸಿದರೂ ಪ್ಯಾಡ್ ಎರಡೂ ಬದಿಗೆ ಬದಲಿಸಿ, ಬ್ರೇಕ್ ಲೈನಿನ ಗಾಳಿ ತೆಗೆಸಿ.