14 ವರ್ಷದ ಕುದುರೆಗೆ ದೂರದ ಸವಾರಿಯ ತಯಾರಿ: ಗಂಗಾವತಿ ಬಳಿಯ ಲಾಯವೊಂದರ ಸೇವೆ

ಎಂಡ್ಯೂರೆನ್ಸ್ ಸವಾರಿಯಲ್ಲಿ ಹತ್ತಾರು ಕಿಲೋಮೀಟರು ದೂರವನ್ನು ನಡುನಡುವೆ ಪಶುವೈದ್ಯರ ತಪಾಸಣೆಗೆ ನಿಂತು ಕ್ರಮಿಸಬೇಕಾಗುತ್ತದೆ. ಅದಕ್ಕೆ ಕುದುರೆಗಳನ್ನು ಅಣಿಗೊಳಿಸುವ ಲಾಯವೊಂದು ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿದೆ. ನಮ್ಮ 14 ವರ್ಷದ, ಮಾರ್ವಾಡಿ ತಳಿಯ ಹೆಣ್ಣು ಕುದುರೆಯನ್ನು ಮಳೆಗಾಲ ಮುಗಿದ ಮೇಲೆ ಅಲ್ಲಿ ಬಿಟ್ಟಿದ್ದೆವು.

ಜೀನು ಹಾಕುವ ಮೊದಲೇ ಅವರು ಹಲ್ಲು ನೋಡಿಸಿದರು. ಗೋದಲಿಯ ಮೂಲೆಯಲ್ಲಿ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳನ್ನು ಎತ್ತಿ ತೋರಿಸಿ, ದವಡೆ ಹಲ್ಲಿನ ಅಂಚು ಚೂಪಾಗಿದ್ದರೆ ಎಷ್ಟು ಹುರುಳಿ ತಿನ್ನಿಸಿದರೂ ಮೈಗೆ ಹತ್ತುವುದಿಲ್ಲವೆಂದು ವಿವರಿಸಿದರು. ವೈದ್ಯರಿಂದ ಆ ಚೂಪು ಅಂಚನ್ನು ಅರದಿಂದ ಉಜ್ಜಿಸಿ ನಯ ಮಾಡಿಸಿದ ನಂತರವೇ ಕೆಲಸ ಶುರುವಾಯಿತು.

ಈ ಲಾಯದ ನಿಜವಾದ ಹೆಚ್ಚುಗಾರಿಕೆ ಅದರ ನಿಧಾನ. ಹೃದಯ ಮತ್ತು ಸ್ನಾಯುಗಳು ವಾರಗಳಲ್ಲಿ ಪಳಗಿದರೂ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಬಿಗಿಯುವ ನಾರು), ಎಲುಬು, ಗೊರಸು ಗಟ್ಟಿಯಾಗಲು ತಿಂಗಳುಗಳೇ ಬೇಕು; ಉಸಿರು ಕಟ್ಟದೆ ಓಡುವ ಕುದುರೆಯ ಕಾಲು ಕೆಡುವುದು ಈ ಅಂತರದಿಂದಲೇ, ವಯಸ್ಸಾದ ಪ್ರಾಣಿಯಲ್ಲಂತೂ ಹಾಗೆ ಕೆಟ್ಟ ಕಾಲು ಬೇಗ ಕೂಡಿಕೊಳ್ಳದು. ಆದ್ದರಿಂದ ಮೊದಲು ಕಾಲುವೆ ಏರಿಯ ಮೇಲೆ ಬರೀ ನಡಿಗೆ, ಬಹಳ ತಡವಾಗಿ ಟ್ರಾಟ್, ಅಂದರೆ ಕುಲುಕು ಓಟ. ನೆನೆದ ಎರೆ ನೆಲಕ್ಕೆ ಇಳಿಸುವುದೇ ಇಲ್ಲ, ಏಕೆಂದರೆ ಹೂತ ಗೊರಸನ್ನು ಕಿತ್ತೆತ್ತುವಾಗ ರಜ್ಜುವಿನ ಮೇಲೆ ಭಾರ ಬೀಳುತ್ತದೆ. ಪ್ರತಿ ಸವಾರಿಯ ನಂತರ ಎಡ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು 15 ಸೆಕೆಂಡು ಎದೆಬಡಿತ ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನಿಗದಿತ ಸಮಯದೊಳಗೆ ಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕಾದ್ದರಿಂದ, ಎಷ್ಟು ಓಡಿತು ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತು ಎನ್ನುವುದನ್ನೇ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಕುದುರೆಯ ಬೆವರಿನಲ್ಲಿ ಉಪ್ಪಿನಂಶ ಬಹಳ ಹೋಗುವುದರಿಂದ ಮೇವಿನಲ್ಲಿ ಉಪ್ಪು ತಪ್ಪಿಸುವುದಿಲ್ಲ.

ಜೀನಿನ ವಿಷಯದಲ್ಲಿ ಮಾತ್ರ ಅವರು ಉದಾಸೀನರು. ವಯಸ್ಸಿಗೆ ಬೆನ್ನು ತುಸು ತಗ್ಗಿರುತ್ತದೆ, ತರಬೇತಿಯಲ್ಲಿ ಮತ್ತೆ ಆಕಾರ ಬದಲಾಗುತ್ತದೆ. ಹಾಗಾಗಿ ಜೀನು ಆಯಾ ಕುದುರೆಯ ಬೆನ್ನಿಗೆ ಕೂಡಬೇಕು; ಇವರೋ ಲಾಯದ ಒಂದೇ ಜೀನನ್ನು ಎಲ್ಲಕ್ಕೂ ಹಾಕುತ್ತಾರೆ. ಬೆವರಿನಿಂದ ತೊಯ್ದ ಬೆನ್ನಿನ ಮೇಲೆ ಅಂಗೈಯಗಲದ ಒಣ ಜಾಗ ಉಳಿದಿದ್ದನ್ನು, ಅಂದರೆ ಜೀನು ಅಲ್ಲಿ ಒತ್ತುತ್ತಿರುವ ಗುರುತನ್ನು, ನಾವೇ ತೋರಿಸಬೇಕಾಯಿತು. ದಪ್ಪ ಬಟ್ಟೆ ಮಡಚಿ ಹಾಕಿದರೆ ಸಾಕೆಂಬ ಅವರ ಉತ್ತರ ಒಪ್ಪುವಂಥದ್ದಲ್ಲ.

ಮುಂದಿನ ತಿಂಗಳೇ ಪಂದ್ಯಕ್ಕಿಳಿಯುವ ಅವಸರವಿರುವವರಿಗೆ ಈ ಲಾಯ ಹೊಂದದು. ಉಳಿದವರು ತಮ್ಮ ಕುದುರೆಯ ಅಳತೆಗೆ ಕೂಡುವ ಜೀನನ್ನು ತಾವೇ ಒಯ್ಯುವುದು ಒಳ್ಳೆಯದು. ಪಶುವೈದ್ಯರ ಶುಲ್ಕ ತಿಂಗಳ ಬಾಡಿಗೆಯಲ್ಲಿ ಸೇರಿಲ್ಲ.