ಹೊಸ ತಂತಿಯ ಝಣಝಣ ನನಗೆ ಯಾಕೋ ಆಗಿಬರೋದಿಲ್ಲ

ಮೂರು ವರ್ಷದಲ್ಲಿ ಒಂದೇ ಬೇಸ್ ಗಿಟಾರಿಗೆ ಆರು ಬಗೆಯ ತಂತಿ ಹಾಕಿ ನೋಡಿದ್ದೇನೆ. ಗಿಟಾರ್ ಸಾದಾ: ನಾಲ್ಕು ತಂತಿ (ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ), 34 ಇಂಚಿನ ಸ್ಕೇಲ್ ಅಂದರೆ ಕಂಪಿಸುವ ತಂತಿಯ ಉದ್ದ, ತಂತಿಯ ಕಂಪನವನ್ನು ಹಿಡಿದು ಆಂಪಿಗೆ ಕಳಿಸುವ, ಎರಡು ತುಂಡಾಗಿ ಕೂತಿರುವ ಒಂದೇ ಪಿಕಪ್. ಆಂಪ್ ಅದೇ, ಅದರ ಗುಂಡಿಗಳನ್ನೂ ತಿರುಗಿಸಲಿಲ್ಲ. ನಾನು ಬೆರಳಲ್ಲಿ ನುಡಿಸುವವನು. ಪಿಕ್ ಹಿಡಿಯುವುದು ಅಪರೂಪ, ಹೆಬ್ಬೆರಳಲ್ಲಿ ತಂತಿಗೆ ಬಡಿದು ನುಡಿಸುವ ಸ್ಲ್ಯಾಪ್ ಬರೋದೇ ಇಲ್ಲ. ಸ್ಲ್ಯಾಪ್ ಮಾಡುವವರಿಗೆ ನನ್ನ ತೀರ್ಪೆಲ್ಲ ತಲೆಕೆಳಗಾಗಿ ಕಾಣಬಹುದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಶುರುವಾಗಿದ್ದು ಸ್ಟೇನ್‌ಲೆಸ್ ಸ್ಟೀಲ್ ರೌಂಡ್‌ವೌಂಡ್‌ನಿಂದ. ಒಳಗಿನ ಉಕ್ಕಿನ ಎಳೆಯ ಮೇಲೆ ದುಂಡು ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ, ಹಾಗಾಗಿ ಮೈಯೆಲ್ಲ ಗೀರುಗೀರು. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದಕ್ಕಿದ್ದದ್ದು ಚಪ್ಪಟೆ ಸುತ್ತಿನ ತಂತಿ. 1966ರಲ್ಲಿ ಬ್ರಿಟನ್ನಿನ ರಾಕ್ ತಂಡ ದ ಹೂವಿನ ಬೇಸ್ ವಾದಕ ಜಾನ್ ಎಂಟ್‌ವಿಸಲ್ ರೋಟೋಸೌಂಡ್ ಕಂಪನಿಯ ಜೊತೆ ಕೂತು ಪಿಯಾನೋ ಥರ ಮೊಳಗುವ ರೌಂಡ್ ತಂತಿ ಮಾಡಿಸಿಕೊಂಡರು. ರಾಕ್ ಬೇಸ್‌ನ ದನಿ ಬದಲಾಗಿದ್ದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಅದನ್ನು ಕೇಳಿದಾಗ ನನಗೂ ರೋಮಾಂಚನವೇ. ನುಡಿಸೋಕೆ ಕೂತರೆ ಮಾತ್ರ ಬೇರೆ ಕಥೆ.

ಕೋಣೆಯಲ್ಲಿ ಒಬ್ಬನೇ ನುಡಿಸಿದರೆ ಅದ್ಭುತ. ಒಂದೊಂದು ಸ್ವರವೂ ಝಣ್ ಅನ್ನುತ್ತದೆ. ಡ್ರಮ್ಸ್, ಎರಡು ಗಿಟಾರ್ ಜೊತೆ ಸೇರಿದ ಕೂಡಲೇ ಆ ಝಣಝಣ ಸಿಂಬಲ್‌ಗಳ ಸದ್ದಿನಲ್ಲಿ ಕರಗಿಹೋಯಿತು. ಉಳಿದಿದ್ದು ಎಡಗೈ ಜಾರಿದಾಗಲೆಲ್ಲ ಬರುವ ಕಿರ್ರ್ ಮಾತ್ರ. ರೆಕಾರ್ಡ್ ಮಾಡಿ ಕೇಳಿದರೆ ಯಾರೋ ಹಲಗೆ ಕೆರೆಯುತ್ತಿರುವ ಹಾಗಿತ್ತು. ಸಾಲದ್ದಕ್ಕೆ ಈ ಉಕ್ಕು, ಕತ್ತಿನ ಮೇಲೆ ಅಡ್ಡಡ್ಡಕ್ಕೆ ಕೂರಿಸಿರುವ ಲೋಹದ ಕಡ್ಡಿಗಳಿಗಿಂತ, ಅಂದರೆ ಸಾಮಾನ್ಯ ಫ್ರೆಟ್‌ಗಿಂತ ಗಟ್ಟಿ. ಫ್ರೆಟ್ ಬೇಗ ಸವೆಯುತ್ತದೆ.

ಆಮೇಲೆ ನಿಕಲ್ ರೌಂಡ್. ಹೆಸರು ನಿಕಲ್ ಅಂತಿದ್ದರೂ ಹೆಚ್ಚಿನವು ಉಕ್ಕಿನ ಸುತ್ತಿಗೆ ನಿಕಲ್ ಲೇಪ ಕೊಟ್ಟವು. ಕೈಗೆ ಸ್ವಲ್ಪ ಮೆದು, ಕಿವಿಗೂ ಮೆದು. ಎಲ್ಲರಿಗೂ ಹೊಂದುವ ತಂತಿ ಯಾವುದು ಅಂತ ಕೇಳಿದರೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಮೊದಲ ವಾರ ಚುರುಕು ಜಾಸ್ತಿ, ಎರಡನೇ ವಾರದಿಂದ ಹದ. ತೊಂದರೆ ಇರುವುದು ನನ್ನ ಬೆವರಿನಲ್ಲಿ. ಸುತ್ತುಗಳ ಸಂದಿಗೆ ಬೆವರು, ಕೊಳೆ ಸೇರಿಕೊಂಡು ತಂತಿಯ ತೂಕ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಮೂಲ ಸ್ವರದ ಜೊತೆ ಮೊಳಗುವ ಮೇಲಿನ ಉಪಸ್ವರಗಳು, ಅಂದರೆ ಹಾರ್ಮೋನಿಕ್‌ಗಳು ಸಾಯುತ್ತವೆ. ಖಾಲಿ ತಂತಿಯನ್ನು ಶ್ರುತಿ ಮಾಡಿದರೂ 12ನೇ ಫ್ರೆಟ್‌ನಲ್ಲಿ ಅಪಸ್ವರ. ಕುದಿಯುವ ನೀರಿಗೆ ಹಾಕಿ ತೆಗೆಯುವ ಹಳೇ ಉಪಾಯವನ್ನೂ ಮಾಡಿದೆ. ಜೀವ ಬಂತು, ನಾಲ್ಕೈದು ದಿನಕ್ಕೆ ಮತ್ತೆ ಹೋಯಿತು.

ತೆಳು ಪದರ ಹೊದಿಸಿದ ಕೋಟೆಡ್ ತಂತಿ ಬೆವರಿಗೆ ಮದ್ದು, ನಿಜ. ಬಾಳಿಕೆಯೂ ಬಂತು. ಆದರೆ ಮುಟ್ಟಿದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ, ನನಗೆ ಸೇರಲಿಲ್ಲ. ಹಾಫ್‌ರೌಂಡ್ ಅಂತ ಇನ್ನೊಂದಿದೆ. ದುಂಡು ತಂತಿ ಸುತ್ತಿ, ಆಮೇಲೆ ಮೇಲ್ಮೈಯನ್ನು ಉಜ್ಜಿ ನಯ ಮಾಡುತ್ತಾರೆ. ಕಿರ್ರ್ ಕಡಿಮೆ, ಮೊಳಗೂ ಕಡಿಮೆ, ಗುಮ್ ಅನ್ನುವ ದನಿಯೂ ಪೂರ್ತಿ ಬರಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟ ತಂತಿ ಅದು.

ಕೊನೆಗೆ ಫ್ಲಾಟ್‌ವೌಂಡ್‌ಗೆ ಬಂದೆ. ಇಲ್ಲಿ ಸುತ್ತಿರುವುದು ರಿಬ್ಬನ್ನಿನಂಥ ಚಪ್ಪಟೆ ಪಟ್ಟಿ. ಬೆರಳು ಗಾಜಿನ ಮೇಲೆ ಓಡಿದ ಹಾಗೆ ಓಡುತ್ತದೆ. ಮೊದಲ ಸೆಟ್ ಬಿಗಿ ಜಾತಿಯದು, ದಪ್ಪ 45ರಿಂದ 105 (ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ). ಅದನ್ನು ಹಾಕುವಾಗಲೇ ಒಂದು ಎಡವಟ್ಟು ಮಾಡಿಕೊಂಡೆ. ಉದ್ದ ಜಾಸ್ತಿಯಾಯಿತು ಅಂತ ಎ ತಂತಿಯನ್ನು ಮಡಿಸದೆ ನೇರವಾಗಿ ಕತ್ತರಿಸಿದೆ. ತುದಿಯಲ್ಲಿ ಸುತ್ತು ಸಡಿಲವಾಯಿತು, ತಂತಿ ಸತ್ತಿತು. ತಂತಿ ಬಿಗಿಯುವ ಕಿವಿಯ ಕಂಬ ದಾಟಿ ಮೂರ್ನಾಲ್ಕು ಇಂಚು ಬಿಟ್ಟು, ಮೊದಲು ಮಡಿಸಿ, ಆಮೇಲೆ ಕತ್ತರಿಸಬೇಕು. ದುಡ್ಡು ಕೊಟ್ಟು ಕಲಿತ ಪಾಠ.

ಮೊದಲ ಎರಡು ದಿನ ಬೇಜಾರಾಯಿತು. ಗಿಟಾರಿಗೆ ಕಂಬಳಿ ಹೊದಿಸಿದ ಹಾಗಿತ್ತು ದನಿ. ಆ ವಾರ ತಂಡದ ಜೊತೆ ನುಡಿಸಿದಾಗ ಡ್ರಮ್ಸ್ ಬಾರಿಸುವ ಗೆಳೆಯ ಎರಡನೇ ಹಾಡಿಗೇ ನಿಲ್ಲಿಸಿ, "ಲೋ, ಇವತ್ತು ನೀನು ಕೇಳಿಸ್ತಾ ಇದೀಯಲ್ಲೋ!" ಅಂದ. ವಾಲ್ಯೂಮ್ ಮುಟ್ಟಿರಲಿಲ್ಲ ನಾನು. ಯೋಚಿಸಿದರೆ ಅರ್ಥವಾಗುತ್ತದೆ. ಖಾಲಿ ಇ ತಂತಿಯ ಮೂಲ ಕಂಪನ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರಿನಲ್ಲಿ ಅದು ಬರುವುದೇ ಕಷ್ಟ. ಕಿವಿ ಸ್ವರವನ್ನು ಗುರುತು ಹಿಡಿಯುವುದು ಅದರ ಮೇಲಿನ 82, 123ರ ಹಾರ್ಮೋನಿಕ್‌ಗಳಿಂದ. ಫ್ಲಾಟ್ ತಂತಿ ಆ ಭಾಗವನ್ನು ಬಿಟ್ಟುಕೊಡುವುದಿಲ್ಲ. ಬಿಡುವುದು ಸಿಂಬಲ್ ಹೇಗೂ ನುಂಗುವ ಮೇಲ್ಭಾಗವನ್ನು. ಕೋಣೆಯಲ್ಲಿ ಕೂತು ತಂತಿ ಆರಿಸುವುದನ್ನು ಅವತ್ತೇ ಬಿಟ್ಟೆ.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದುದು ಇದಕ್ಕಿಂತ ದಪ್ಪ ಲಾ ಬೆಲ್ಲಾ ಫ್ಲಾಟ್, ಅದೂ 52ರಿಂದ 110. ಕಡಿದರೆ ಮಾತ್ರ ಬದಲಾಯಿಸುತ್ತಿದ್ದರಂತೆ. ಆ ಕೈಗಳಿಗೆ ನಮಸ್ಕಾರ. ನನ್ನ ಉಂಗುರ ಬೆರಳು 45-105ಕ್ಕೇ ಸೋತಿತು. ಗಿಟಾರಿನ ಕತ್ತೂ ಸ್ವಲ್ಪ ಮುಂದಕ್ಕೆ ಬಾಗಿತು, ಕತ್ತಿನೊಳಗೆ ಅದನ್ನು ನೆಟ್ಟಗಿಡುವ ಸರಳು, ಟ್ರಸ್ ರಾಡ್ ಅನ್ನು ಕಾಲು ಸುತ್ತು ಬಿಗಿ ಮಾಡಬೇಕಾಯಿತು. ಒಂದು ಗಂಟೆ ನುಡಿಸಿದರೆ ಮಾರನೇ ದಿನ ಕೈ ಮುಷ್ಟಿ ಕಟ್ಟೋದೇ ಕಷ್ಟ. ದನಿ ಬೇಕಾದ್ದೇ ಇತ್ತು, ಕೈ ಒಪ್ಪಲಿಲ್ಲ.

ಅದಕ್ಕೇ ಸಡಿಲ ಜಾತಿಯ ಫ್ಲಾಟ್ ಹುಡುಕಿದೆ. ವಿಯೆನ್ನಾದ ಥೊಮಾಸ್ಟಿಕ್-ಇನ್ಫೆಲ್ಡ್ ಜಾಝ್ ಫ್ಲಾಟ್ಸ್, 43-56-70-100. ಬಿಗಿ ಎಷ್ಟು ಕಡಿಮೆ ಅಂದರೆ ಮೊದಲ ದಿನ ಶ್ರುತಿ ತಪ್ಪಿದೆ ಅಂದುಕೊಂಡು ಮತ್ತೆ ಮತ್ತೆ ನೋಡಿದೆ. ನನ್ನ ಬಲಗೈ ಒರಟು. ಹೊಡೆದ ಹೊಡೆತಕ್ಕೆ ತಂತಿ ಕುಣಿದು ಫ್ರೆಟ್‌ಗೆ ಬಡಿಯುತ್ತಿತ್ತು. ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್‌ನಲ್ಲಿ ಅವುಗಳನ್ನು ಒಂದಿಷ್ಟು ಎತ್ತರಿಸಿದೆ. ಅದಕ್ಕಿಂತ ಮುಖ್ಯವಾಗಿ, ಮೀಟುವುದನ್ನೇ ಬದಲಾಯಿಸಿಕೊಂಡೆ. ಮೆತ್ತಗೆ ಮೀಟಿ, ಜೋರನ್ನು ಆಂಪಿಗೆ ಬಿಡುವುದು. ಎರಡು ವಾರ ಹಿಡಿಯಿತು. ಆಮೇಲೆ ತಂತಿ ಹಾಡತೊಡಗಿತು, ಬರೀ ಗುಮ್ ಅಲ್ಲ, ನಡುವೆ ಒಂದು ಗಂಟಲು ಇರುವ ಹಾಗೆ. ಹದಿನಾಲ್ಕು ತಿಂಗಳಾಯಿತು, ಇನ್ನೂ ತೆಗೆದಿಲ್ಲ.

ನೈಲಾನ್ ಪಟ್ಟಿ ಸುತ್ತಿದ ಕಪ್ಪು ಟೇಪ್‌ವೌಂಡ್ ತಂತಿಯನ್ನು ಗೆಳೆಯನ ಫ್ರೆಟ್ ಇಲ್ಲದ (ಫ್ರೆಟ್‌ಲೆಸ್) ಬೇಸ್ ಮೇಲೆ ಮಾತ್ರ ನುಡಿಸಿದ್ದೇನೆ. ಅಲ್ಲಿ ಅದು ತುಂಬಾ ಸೊಗಸು. ನನ್ನದಕ್ಕೂ ಹಾಕೋಣ ಅಂತ ಹೋದರೆ ದಪ್ಪ ಜಾಸ್ತಿಯಾಗಿ, ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ನಟ್‌ನ ಸೀಳಿನಲ್ಲಿ ಕೂರಲೇ ಇಲ್ಲ. ನಟ್‌ಗೆ ಅರ ಹಾಕುವಷ್ಟು ಆಸೆ ಇರಲಿಲ್ಲ, ಬಿಟ್ಟೆ.

ಫ್ಲಾಟ್‌ನಲ್ಲಿ ನನಗೆ ಇವತ್ತಿಗೂ ಇರುವ ತಕರಾರು ಜಿ ತಂತಿ. ಬೇರೆ ಮೂರೂ ಒಂದೇ ಮನೆಯವರ ಹಾಗೆ ಮಾತಾಡುತ್ತವೆ, ಇದು ನೆಂಟರ ಹುಡುಗನ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ. ಹಳೇ ನಿಕಲ್ ಸೆಟ್ಟಿನ ಜಿ ಒಂದನ್ನೇ ತಂದು ಹಾಕಿ ನೋಡಿದೆ. ಕೇಳೋಕೆ ಪರವಾಗಿರಲಿಲ್ಲ, ಆದರೆ ಬೆರಳು ಡಿಯಿಂದ ಜಿಗೆ ದಾಟಿದಾಗಲೆಲ್ಲ ನಯವಾದ ನೆಲದಿಂದ ಜಲ್ಲಿಕಲ್ಲಿಗೆ ಕಾಲಿಟ್ಟ ಹಾಗೆ. ಒಂದೇ ಸಂಜೆಗೆ ತೆಗೆದೆ. ಈಗ ಪಿಕಪ್‌ನ ಎರಡು ತುಂಡಿನಲ್ಲಿ ಡಿ, ಜಿ ಕಡೆಯದನ್ನು ಅರ್ಧ ಸುತ್ತು ಮೇಲೆತ್ತಿದ್ದೇನೆ. ಹುಡುಗ ಮೂಲೆಯಿಂದ ಬಾಗಿಲ ತನಕ ಬಂದಿದ್ದಾನೆ.