ಫೆನ್‌ವೇ ಪಾರ್ಕ್: ಗಲ್ಲಿ ಮೈದಾನಕ್ಕೆ 37 ಸಾವಿರ ಸೀಟು

ಬಳ್ಳಾರಿಯ ಕೌಲ್ ಬಜಾರಿನಲ್ಲೋ ಸತ್ಯನಾರಾಯಣಪೇಟೆಯಲ್ಲೋ ಗಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಗೊತ್ತು, ಅಲ್ಲಿ ನಿಯಮ ಬರೆಯುವುದು ಅಕ್ಕಪಕ್ಕದ ಮನೆಗಳ ಗೋಡೆ. ಎಡಗಡೆ ಕಾಂಪೌಂಡಿಗೆ ಬಡಿದರೆ ಎರಡು ರನ್, ಮೇಲಿಂದ ಹಾರಿದರೆ ಔಟ್, ಚರಂಡಿಗೆ ಬಿದ್ದರೆ ಹೊಡೆದವನೇ ಇಳಿದು ತರಬೇಕು. ಅಮೆರಿಕದ ಬಾಸ್ಟನ್ ನಗರದ ಫೆನ್‌ವೇ ಪಾರ್ಕ್ ಇದೇ ಜಾತಿಯ ಬೇಸ್‌ಬಾಲ್ ಮೈದಾನ. ಸುತ್ತಲಿನ ರಸ್ತೆಗಳು ಬಿಟ್ಟುಕೊಟ್ಟ ಸೊಟ್ಟ ಜಾಗದಲ್ಲಿ 1912ರಲ್ಲಿ ಕಟ್ಟಿದರು, ಇವತ್ತಿಗೂ ಕೆಡವಿಲ್ಲ. ಅಲ್ಲಿ ಕಣ್ಣಿಗೆ ಖುಷಿ ಕೊಡುವುದೂ ಮೊಣಕಾಲಿಗೆ ನೋವು ಕೊಡುವುದೂ ಈ ಒಂದೇ ಕಾರಣಕ್ಕೆ.

ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಮಗನ ಮನೆಗೋ ಮಗಳ ಬಾಣಂತನಕ್ಕೋ ಆ ಕಡೆ ಹೋಗಿ ಆರು ತಿಂಗಳು ಇದ್ದು ಬರುವವರು ಈಗ ಕಡಿಮೆಯಿಲ್ಲ. ‘ಒಂದ್ಸಲ ಬೇಸ್‌ಬಾಲ್ ನೋಡಿ ಬನ್ನಿ’ ಎಂದು ಮಕ್ಕಳು ಟಿಕೆಟ್ ತೆಗೆದು ಕೊಡುತ್ತಾರೆ. ಯಾವ ಟಿಕೆಟ್ ಎಂಬುದರ ಮೇಲೆ ಇಡೀ ದಿನ ನಿಂತಿದೆ.

ಇತಿಹಾಸ ಚಿಕ್ಕದಾಗಿ. ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನ ಮೈದಾನಗಳಲ್ಲಿ ಇದೇ ಹಳೆಯದು. ಚಿಕಾಗೋದ ರಿಗ್ಲೀ ಫೀಲ್ಡ್ ಎರಡು ವರ್ಷ ಚಿಕ್ಕದು. ಮೊದಲ ಲೀಗ್ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿ ಐದೇ ದಿನಕ್ಕೆ. ಆತಿಥೇಯ ತಂಡ ರೆಡ್ ಸಾಕ್ಸ್, ಸಾಮಾನ್ಯವಾಗಿ ಒಂಬತ್ತು ಇನಿಂಗ್ಸಿಗೆ ಮುಗಿಯುವ ಆಟವನ್ನು 11 ಇನಿಂಗ್ಸ್ ಆಡಿ 7-6ರಿಂದ ಗೆದ್ದಿತು. 1934ರ ಜನವರಿಯಲ್ಲಿ ಬೆಂಕಿ ಬಿದ್ದ ಮೇಲೆ ಬಹುಭಾಗ ಹೊಸದಾಗಿ ಕಟ್ಟಿದರು. ಹೊನಲು ಬೆಳಕಿನ ದೀಪ ಬಂದದ್ದು 1947ರಲ್ಲಿ. 2012ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಈಗ ಗೋಡೆಗೆ ಬರೋಣ. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದೇ ಎಡಗಡೆಯ ಹಸಿರು ಗೋಡೆಗೆ. ‘ಗ್ರೀನ್ ಮಾನ್‌ಸ್ಟರ್’ ಎನ್ನುತ್ತಾರೆ. ಎತ್ತರ 37 ಅಡಿ 2 ಇಂಚು. ನಮ್ಮೂರ ಮೂರಂತಸ್ತಿನ ಮನೆಗಿಂತ ಒಂದು ಕೈ ಮೇಲೆ. ಇಷ್ಟೆತ್ತರ ಏಕೆಂದರೆ ಹಿಂದೆ ಲ್ಯಾನ್ಸ್‌ಡೌನ್ ರಸ್ತೆ ಇದೆ, ಮೈದಾನ ಆ ಕಡೆ ಚಾಚಲು ಜಾಗವಿಲ್ಲ. ಬ್ಯಾಟ್ ಮಾಡುವ ಮೂಲೆಯಿಂದ ಎಡಗೆರೆಯಗುಂಟ ಅಳೆದರೆ ಗೋಡೆ ಬರೀ 310 ಅಡಿ ದೂರ, ಅಂದರೆ 94 ಮೀಟರು. 1958ರ ನಂತರ ಕಟ್ಟುವ ಮೈದಾನಗಳಲ್ಲಿ ಎಡಬಲದ ಗೆರೆಗಳ ಮೇಲೆ ಕನಿಷ್ಠ 325 ಅಡಿ ಇರಬೇಕೆಂದು ಲೀಗ್ ನಿಯಮ ಮಾಡಿತು. ಹಳೆಯದೆಂಬ ಕಾರಣಕ್ಕೆ ಫೆನ್‌ವೇ ಅದರಿಂದ ಪಾರಾಗಿದೆ. ಇವತ್ತು ಯಾರಾದರೂ ಇದೇ ನಕ್ಷೆ ಹಿಡಿದು ಹೋದರೆ ವಿಶೇಷ ವಿನಾಯಿತಿ ಇಲ್ಲದೆ ಒಪ್ಪಿಗೆ ಸಿಗುವುದಿಲ್ಲ.

ಈ ಗೋಡೆ ಆಟವನ್ನೇ ತಿರುಗಿಸುತ್ತದೆ. ಬೇರೆ ಊರಿನಲ್ಲಿ ಫೀಲ್ಡರ್ ಕೈಗೆ ಸುಲಭ ಕ್ಯಾಚ್ ಆಗುವ ಎತ್ತರದ ಹೊಡೆತ ಇಲ್ಲಿ ಗೋಡೆ ದಾಟಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಆಗುತ್ತದೆ. ಅದೇ, ಬೇರೆಡೆ ನೇರ ಹೊರಗೆ ಹೋಗುವ ಗುಂಡಿನಂಥ ಚಪ್ಪಟೆ ಹೊಡೆತ ಇಲ್ಲಿ ಗೋಡೆಗೆ ಬಡಿದು ವಾಪಸು ಬರುತ್ತದೆ. ಹೊಡೆದವನು ಓಡಿ ಮುಟ್ಟಬೇಕಾದ ನಾಲ್ಕು ಠಾವುಗಳಲ್ಲಿ, ಅಂದರೆ ಬೇಸುಗಳಲ್ಲಿ, ಎರಡನೆಯದಕ್ಕೆ ಓಡಿ ಸಮಾಧಾನಪಡಬೇಕು. ಚೆಂಡು ಬಡಿದಾಗ ಬರುವ ‘ಧಬ್’ ಎಂಬ ಶಬ್ದ ಎದುರುಗಡೆ ಸ್ಟ್ಯಾಂಡಿಗೂ ಕೇಳುತ್ತದೆ. ಎಡಗಡೆ ನಿಲ್ಲುವ ಫೀಲ್ಡರ್‌ಗೆ ಓಟಕ್ಕಿಂತ ಕೋನದ ಲೆಕ್ಕ ಗೊತ್ತಿರಬೇಕು, ಕೇರಂ ಆಡುವವನ ಹಾಗೆ. 1934ಕ್ಕೆ ಮೊದಲು ಗೋಡೆಯ ಬುಡದಲ್ಲಿ ಸುಮಾರು ಹತ್ತಡಿಯ ದಿಬ್ಬವೂ ಇತ್ತು, ಕ್ಯಾಚ್ ಹಿಡಿಯಲು ಗುಡ್ಡ ಹತ್ತಬೇಕಿತ್ತು. ಅದನ್ನು ಸಪಾಟು ಮಾಡಿದ್ದು ಒಳ್ಳೆಯದಾಯಿತೋ ಮಜಾ ಹೋಯಿತೋ, ಹೇಳುವುದು ಕಷ್ಟ.

ಗೋಡೆಯ ಮೇಲೊಂದು ಏಣಿ ಕಾಣುತ್ತದೆ. ಮೊದಲು ಗೋಡೆಯ ನೆತ್ತಿಗೆ ಬಲೆ ಇತ್ತು, ಅದರಲ್ಲಿ ಬಿದ್ದ ಚೆಂಡು ತೆಗೆಯಲು ಹತ್ತುತ್ತಿದ್ದರು. 2003ರಲ್ಲಿ ಬಲೆ ತೆಗೆದು ಮೇಲೆ ಸೀಟು ಹಾಕಿದರು. ಏಣಿಗೆ ಈಗ ಕೆಲಸವಿಲ್ಲ, ಆದರೂ ಇದೆ. ಆಟದ ನಡುವೆ ಚೆಂಡು ಅದಕ್ಕೆ ತಗುಲಿ ಎಲ್ಲಿಗೋ ಚಿಮ್ಮಿದರೆ ಆಟ ನಿಲ್ಲುವುದೂ ಇಲ್ಲ.

ಗೋಡೆಯ ಕೆಳಭಾಗದ ಸ್ಕೋರ್ ಬೋರ್ಡನ್ನು ಎಲೆಕ್ಟ್ರಾನಿಕ್ ಬೋರ್ಡುಗಳ ಈ ಕಾಲದಲ್ಲೂ ಕೈಯಲ್ಲೇ ನಡೆಸುತ್ತಾರೆ. ಗೋಡೆಯೊಳಗಿನ ಇಕ್ಕಟ್ಟು ಕೋಣೆಯಲ್ಲಿ ಕೂತವರು ಅಂಕಿಯ ಫಲಕಗಳನ್ನು ಕಿಂಡಿಗೆ ಸಿಕ್ಕಿಸುತ್ತಾರೆ. ಬೋರ್ಡಿನ ಬಿಳಿ ಪಟ್ಟೆಗಳನ್ನು ಹತ್ತಿರದಿಂದ ನೋಡಿದರೆ ಚುಕ್ಕಿ ಮತ್ತು ಗೆರೆಗಳ ಸಾಲು ಕಾಣುತ್ತದೆ. ಅದು ಹಳೆಯ ಟೆಲಿಗ್ರಾಫಿನ ಮೋರ್ಸ್ ಕೋಡ್. ತಂಡದ ಹಿಂದಿನ ಮಾಲೀಕ ಟಾಮ್ ಯಾಕೀ ಮತ್ತು ಆತನ ಹೆಂಡತಿ ಜೀನ್ ಯಾಕೀ ಅವರ ಹೆಸರಿನ ಮೊದಲಕ್ಷರಗಳು.

ಬಲಗಡೆ ಇದರ ತಮಾಷೆಯ ಇನ್ನೊಂದು ಮುಖ. ಪೆಸ್ಕಿ ಪೋಲ್ ಎಂಬ ಹಳದಿ ಕಂಬ 302 ಅಡಿಯಲ್ಲೇ ಇದೆ, ಲೀಗಿನಲ್ಲೇ ಅತಿ ಹತ್ತಿರದ ಗಡಿ. ಇಡೀ ವೃತ್ತಿಯಲ್ಲಿ ಬರೀ 17 ಹೋಮ್ ರನ್ ಹೊಡೆದ ರೆಡ್ ಸಾಕ್ಸ್ ಆಟಗಾರ ಜಾನಿ ಪೆಸ್ಕಿ ಹೆಸರು ಇದಕ್ಕೆ. ಅಲ್ಲಿಂದ ಬೇಲಿ ಸರ್ರನೆ ಹಿಂದೆ ಸರಿದು ರೈಟ್ ಫೀಲ್ಡಿನಲ್ಲಿ 380 ಅಡಿಗೆ, ಮಧ್ಯದ ತ್ರಿಕೋನ ಮೂಲೆಯಲ್ಲಿ 420 ಅಡಿಗೆ ಹೋಗುತ್ತದೆ.

ಇನ್ನು ಸೀಟು. ದೂರುಗಳೆಲ್ಲ ಇಲ್ಲೇ ಇವೆ.

ಚಾವಣಿಯ ಕೆಳಗಿನ ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ 1ರಿಂದ 33ರವರೆಗೆ ಸೆಕ್ಷನ್ನುಗಳಿವೆ. ನೀಲಿ ಬಣ್ಣದ ಮಡಚುವ ಮರದ ಕುರ್ಚಿಗಳು 1934ರ ಕಾಲದ ಅಳತೆಯವು. ಅಗಲ ಕಡಿಮೆ, ಮುಂದಿನ ಸಾಲಿಗೆ ಮೊಣಕಾಲು ತಗುಲುತ್ತದೆ. ಆರಡಿ ಆಳಾದರೆ ಮೂರು ಗಂಟೆ ಓರೆಯಾಗಿಯೇ ಕೂರಬೇಕು. ನಡುವಿನಲ್ಲಿ ಕೂತವರು ಮೂತ್ರಕ್ಕೆ ಎದ್ದರೆ ಅರ್ಧ ಸಾಲು ಎದ್ದು ನಿಲ್ಲಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರು ಅಂಚಿನ ಸೀಟನ್ನೇ ಕೇಳಿ ತೆಗೆಸಬೇಕು.

ಕುರ್ಚಿಗಿಂತ ದೊಡ್ಡ ಕಾಟ ಕಂಬದ್ದು. ಚಾವಣಿ ಹೊತ್ತ ಉಕ್ಕಿನ ಕಂಬಗಳು ಸೀಟುಗಳ ಮಧ್ಯೆಯೇ ಎದ್ದು ನಿಂತಿವೆ. ಹಳೆಯ ಟಾಕೀಸಿನಲ್ಲಿ ಕಂಬದ ಹಿಂದೆ ಕೂತು ಅರ್ಧ ತೆರೆ ನೋಡಿದವರಿಗೆ ಇದು ಹೊಸದಲ್ಲ, ಆದರೆ ಅಲ್ಲಿ ಪಕ್ಕಕ್ಕೆ ಬಾಗಿದರೆ ಆಗುತ್ತಿತ್ತು. ಇಲ್ಲಿ ನೋಡಬೇಕಾದ ಜಾಗ ಎರಡು: ಚೆಂಡೆಸೆಯುವ ಪಿಚರ್ ಮತ್ತು ಹೊಡೆಯುವ ಬ್ಯಾಟರ್. ಕಂಬ ಇವರಲ್ಲಿ ಒಬ್ಬರನ್ನು ನುಂಗಿದರೂ ಆಟ ಅರ್ಥವಾಗುವುದಿಲ್ಲ. ಟಿಕೆಟಿನಲ್ಲಿ ‘ಆಬ್‌ಸ್ಟ್ರಕ್ಟೆಡ್ ವ್ಯೂ’ (ನೋಟಕ್ಕೆ ಅಡ್ಡಿ) ಎಂದಿದ್ದರೆ, ದರ ಎಷ್ಟೇ ಇಳಿದಿದ್ದರೂ, ಮೊದಲ ಸಲ ಹೋಗುವವರು ಮುಟ್ಟಬೇಡಿ. ಹಾಗೆ ಬರೆದಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಕಾಣುತ್ತದೆ ಎಂದೂ ಅಲ್ಲ; ಸೀಟಿನಿಂದ ತೆಗೆದ ಫೋಟೊ ತೋರಿಸುವ ವೆಬ್‌ಸೈಟುಗಳಿವೆ, ಸೆಕ್ಷನ್ ಮತ್ತು ಸಾಲಿನ ಸಂಖ್ಯೆ ಹಾಕಿ ನೋಡಿ. ತೀರಾ ಹಿಂದಿನ ಸಾಲುಗಳಲ್ಲಿ ಇನ್ನೊಂದು ತೊಡಕಿದೆ: ಮೇಲಿನ ಅಂತಸ್ತು ಅಡ್ಡ ಬಂದು ಎತ್ತರಕ್ಕೆ ಹೋದ ಚೆಂಡು ಮಾಯವಾಗುತ್ತದೆ. ಜನ ಎದ್ದು ಕೂಗಿದಾಗಲೇ ಏನೋ ಆಯಿತೆಂದು ತಿಳಿಯುವುದು.

ಬಲಗಡೆ ತುದಿಯ 1ರಿಂದ 8ರವರೆಗಿನ ಸೆಕ್ಷನ್ನುಗಳ ದೋಷ ಬೇರೆ. ಅಲ್ಲಿ ಕುರ್ಚಿಗಳ ಮುಖ ಎದುರಿನ ಹಸಿರು ಗೋಡೆಯ ಕಡೆಗಿದೆ, ಬ್ಯಾಟರ್ ಇರುವುದು ಎಡಕ್ಕೆ. ಒಂಬತ್ತು ಇನಿಂಗ್ಸ್ ಕತ್ತು ತಿರುಗಿಸಿ ನೋಡಿದರೆ ಮಾರನೇ ದಿನ ಎಣ್ಣೆ ತಿಕ್ಕಿಸಿಕೊಳ್ಳಬೇಕು. ಮುಳುಗುವ ಸೂರ್ಯನೂ ಈ ಕಡೆಯವರ ಕಣ್ಣಿಗೇ ಹೊಡೆಯುತ್ತಾನೆ.

ಹಾಗಾದರೆ ತೆಗೆಯಬೇಕಾದದ್ದು ಯಾವುದು? ಗ್ರ್ಯಾಂಡ್‌ಸ್ಟ್ಯಾಂಡಿಗೆ ಮುಂದೆ ಇರುವ ಲೋಜ್ ಬಾಕ್ಸ್ ಎಂಬ ಸೀಟುಗಳು, ಮೂರನೇ ಬೇಸಿನ ಕಡೆಯವು, ಅಂದರೆ ಹಸಿರು ಗೋಡೆ ಇರುವ ಎಡಬದಿಯವು. ಕಂಬಗಳೆಲ್ಲ ಬೆನ್ನ ಹಿಂದೆ ಉಳಿಯುತ್ತವೆ, ಸಂಜೆ ಬಿಸಿಲು ಹಿಂದಿನಿಂದ ಬರುತ್ತದೆ. ಮಳೆ ಬಂದರೆ ಮಾತ್ರ ತಲೆಯ ಮೇಲೆ ಸೂರಿಲ್ಲ. ದುಡ್ಡು ಉಳಿಸಬೇಕೆನ್ನುವವರಿಗೆ ಮೈದಾನದ ಆಚೆ ತುದಿಯಲ್ಲಿ, ಸೆಂಟರ್ ಫೀಲ್ಡಿನ ಹಿಂದಿನ ಬ್ಲೀಚರ್ ಎಂಬ ಚಾವಣಿಯಿಲ್ಲದ ಗ್ಯಾಲರಿ: ಕಂಬವಿಲ್ಲ, ಬ್ಯಾಟರ್ ನೇರ ಎದುರಿಗೆ, ಆದರೆ ದೂರ. ಗೋಡೆಯ ಮೇಲಿನ ಸೀಟುಗಳು 270ರ ಆಸುಪಾಸು ಅಷ್ಟೇ ಇರುವುದರಿಂದ ದರ ಕೈ ಸುಡುತ್ತದೆ. ಫೋಟೊಗೆ ಚೆಂದ. ಎಡಗಡೆ ಫೀಲ್ಡರ್ ಗೋಡೆಯ ಬುಡಕ್ಕೆ ಬಂದರೆ ಮೇಲೆ ಕೂತವರಿಗೆ ಆತನೇ ಕಾಣುವುದಿಲ್ಲ.

ಹಗಲು ಪಂದ್ಯದಲ್ಲಿ ಬ್ಲೀಚರಿನ ಒಂದು ತುಂಡಿಗೆ ಕಪ್ಪು ಹೊದಿಕೆ ಹಾಕಿರುತ್ತಾರೆ. ಇದು ನಮ್ಮ ಸೈಟ್ ಸ್ಕ್ರೀನ್ ಇದ್ದಂತೆ: ಜನರ ಬಿಳಿ ಅಂಗಿಗಳ ಮುಂದೆ ಬಿಳಿ ಚೆಂಡು ಬ್ಯಾಟರ್‌ಗೆ ಕಾಣದು. ಅದಕ್ಕೇ ಹಗಲಿನಲ್ಲಿ 37,305 ಸೀಟು, ರಾತ್ರಿ 37,755.

ಬ್ಲೀಚರಿನ ಹಸಿರು ಸೀಟುಗಳ ನಡುವೆ ಒಂದೇ ಒಂದು ಕೆಂಪು ಸೀಟಿದೆ: ಸೆಕ್ಷನ್ 42, ಸಾಲು 37, ಸೀಟು 21. 1946ರ ಜೂನ್ 9ರಂದು ರೆಡ್ ಸಾಕ್ಸ್ ಬ್ಯಾಟರ್ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿ ಕೂತಿದ್ದ ಪ್ರೇಕ್ಷಕನ ಹುಲ್ಲಿನ ಟೋಪಿಯ ಮೇಲೆ ಬಿತ್ತು. ಮೈದಾನದೊಳಗೆ ಬಿದ್ದ ಅತಿ ದೂರದ ಹೋಮ್ ರನ್ ಇದೇ ಎನ್ನುತ್ತಾರೆ. ಗೇಟು ತೆಗೆದ ಕೂಡಲೇ ಅಲ್ಲಿಗೆ ಹತ್ತಿ ಹೋಗಿ ಒಂದು ಗಳಿಗೆ ಕೂತು ಬ್ಯಾಟರ್ ಜಾಗ ನೋಡಿ. ಆ ದೂರ ಅಂಕಿಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಹವೆಯ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ಏಪ್ರಿಲ್‌ನಲ್ಲಿ. ಬಳ್ಳಾರಿಯಲ್ಲಿ 40 ಡಿಗ್ರಿ ದಾಟಿರುವ ಹೊತ್ತಿಗೆ ಅಲ್ಲಿ ರಾತ್ರಿ ಪಂದ್ಯದಲ್ಲಿ ಹತ್ತು ಡಿಗ್ರಿಗಿಂತ ಕೆಳಗಿರುತ್ತದೆ, ಜೊತೆಗೆ ಗಾಳಿ. ಸ್ವೆಟರ್ ಸಾಲದು, ಕಿವಿ ಮುಚ್ಚುವ ಟೋಪಿ, ದಪ್ಪ ಕೋಟು, ಕುರ್ಚಿಗೆ ಹಾಸಲು ಒಂದು ಶಾಲು ಬೇಕು. ಚಾವಣಿ ಕೆಳಗೆ ಬಿಸಿಲು ಬೀಳದ ಕಾರಣ ಥಂಡಿ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ದರದ ದೃಷ್ಟಿಯಿಂದ ಏಪ್ರಿಲ್-ಮೇ ತಿಂಗಳ ವಾರದ ನಡುವಿನ ದಿನಗಳು ಅಗ್ಗ. ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ತಂಡ ಬಂದಾಗ ದುಬಾರಿ.

ಊಟಕ್ಕೆ ಸಸ್ಯಾಹಾರಿಗಳು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಇಲ್ಲಿ ಹೆಸರುವಾಸಿ ಹಾಟ್ ಡಾಗ್, ಅದು ಮಾಂಸದ್ದು. ಚೀಸ್ ಪಿಜ್ಜಾ, ಆಲೂ ಫ್ರೈಸ್, ಪಾಪ್‌ಕಾರ್ನ್ ಸಿಗುತ್ತವೆ. ಒಗ್ಗರಣೆ-ಮಿರ್ಚಿಗೆ ಒಗ್ಗಿದ ನಾಲಿಗೆಗೆ ಎಲ್ಲವೂ ಸಪ್ಪೆ. ಹುರಿದ ಶೇಂಗಾ ಮಾತ್ರ ಸಿಪ್ಪೆ ಸಮೇತ ಕೊಡುತ್ತಾರೆ, ಒಡೆದು ತಿಂದು ಸಿಪ್ಪೆ ಕಾಲ ಬುಡಕ್ಕೇ ಬಿಡುವುದು ಅಲ್ಲಿನ ವಾಡಿಕೆ. ಊರಿನ ಬಸ್ ಸ್ಟ್ಯಾಂಡ್ ನೆನಪಾಗುತ್ತದೆ. ನಗದು ನಡೆಯುವುದಿಲ್ಲ, ಕಾರ್ಡು ಬೇಕು. ಟಿಕೆಟ್ ಕೂಡ ಫೋನಿನಲ್ಲೇ, ಆದ್ದರಿಂದ ಮನೆ ಬಿಡುವ ಮುಂಚೆ ಪೂರ್ತಿ ಚಾರ್ಜ್ ಮಾಡಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಇನಿಂಗ್ಸ್ ನಡುವಿನ ಬಿಡುವಿನಲ್ಲಿ ಹೊರಗಿನ ಇಕ್ಕಟ್ಟು ಪಡಸಾಲೆ ಜಾತ್ರೆಯಂತೆ ತುಂಬುತ್ತದೆ. ಶೌಚಕ್ಕೂ ತಿಂಡಿಗೂ ಆಟ ನಡೆಯುತ್ತಿರುವಾಗಲೇ ಎದ್ದು ಹೋಗುವುದು ಜಾಣತನ.

ಕ್ರಿಕೆಟ್ ಕಣ್ಣಿನವರಿಗೆ ಎರಡು ಮಾತು. ಬ್ಯಾಟರ್ ಹಿಂದಕ್ಕೆ ಹೋದ ಚೆಂಡಿಗೆ ‘ಫೋರ್’ ಎಂದು ಚಪ್ಪಾಳೆ ತಟ್ಟಬೇಡಿ, ಅದು ಫೌಲ್, ಒಂದು ರನ್ನೂ ಇಲ್ಲ. ಗ್ಯಾಲರಿಗೆ ಬಿದ್ದ ಚೆಂಡು ಮರಳಿ ಕೊಡಬೇಕಿಲ್ಲ, ಹಿಡಿದವರದೇ. ಬಲೆಯ ರಕ್ಷಣೆ ಬ್ಯಾಟರ್ ಹಿಂದೆ ಮತ್ತು ಎರಡೂ ಬದಿಯಲ್ಲಿದೆ. ಬಲೆ ಇಲ್ಲದ ಕಡೆ ಕೂತರೆ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಫೋನ್ ನೋಡುವುದು ಬೇಡ.

ಹೋಗಲು ಗ್ರೀನ್ ಲೈನ್ ರೈಲು ಹಿಡಿದು ಕೆನ್ಮೋರ್‌ನಲ್ಲಿ ಇಳಿಯಬೇಕು. ಈ ಲೈನಿನ ಬಿ, ಸಿ, ಡಿ ಎಂಬ ಮೂರೂ ಮಾರ್ಗಗಳು ಅಲ್ಲಿಗೆ ಬರುತ್ತವೆ, ಇ ಮಾರ್ಗ ಬರುವುದಿಲ್ಲ. ಡಿ ಮಾರ್ಗದಲ್ಲಿ ‘ಫೆನ್‌ವೇ’ ಎಂಬ ಹೆಸರಿನದೇ ನಿಲ್ದಾಣವಿದೆ. ಹೆಸರು ನೋಡಿ ಅಲ್ಲಿ ಇಳಿದವರು ಹೆಚ್ಚು ನಡೆಯುತ್ತಾರೆ. ಕಾರು ತಂದರೆ ಪಾರ್ಕಿಂಗ್‌ಗೇ ಒಂದು ಟಿಕೆಟಿನ ದುಡ್ಡು. ಏಪ್ರಿಲ್‌ನ ಮೂರನೇ ಸೋಮವಾರ ಬೆಳಿಗ್ಗೆಯೇ ಪಂದ್ಯ, ಅದೇ ದಿನ ಬಾಸ್ಟನ್ ಮ್ಯಾರಥಾನ್ ಕೆನ್ಮೋರ್ ಮೇಲೆಯೇ ಹಾದುಹೋಗುತ್ತದೆ. ಹಿರಿಯರನ್ನು ಕರೆದೊಯ್ಯುವುದಾದರೆ ಆ ದಿನ ಬೇಡ.

ಆಟದಲ್ಲಿ ಆಸಕ್ತಿಯೇ ಇಲ್ಲದವರಿಗೆ ಸುಮಾರು ಒಂದು ಗಂಟೆಯ ಗೈಡೆಡ್ ಟೂರ್ ಸಾಕು. ಪಂದ್ಯದ ಟಿಕೆಟಿಗಿಂತ ಸಾಮಾನ್ಯವಾಗಿ ಅಗ್ಗ. ಪಂದ್ಯವಿಲ್ಲದ ದಿನ ನೋಡಿ ಹೋದರೆ ಅವಸರವೂ ಇರುವುದಿಲ್ಲ.

ಪಂದ್ಯ ಮುಗಿದೊಡನೆ ಎಲ್ಲರೂ ಕೆನ್ಮೋರ್ ಕಡೆ ನುಗ್ಗುತ್ತಾರೆ, ಮೆಟ್ಟಿಲಲ್ಲೇ ಜನ ನಿಲ್ಲುತ್ತದೆ. ಸೀಟು ಬಿಟ್ಟೇಳಿ ಎಂದು ಹೇಳುವವರೆಗೆ ಕೂತಿರಿ. ಕೆಳಗೆ ಕೆಲಸದವರು ಪಿಚರ್ ದಿಬ್ಬಕ್ಕೆ ಬರುತ್ತಾರೆ. ಬೂಟಿನ ಮೊಳೆ ಕೊರೆದ ಗುಂಡಿಗಳನ್ನು ಗುಡಿಸಿ, ನೀರು ಚಿಮುಕಿಸಿ, ಒದ್ದೆ ಜೇಡಿಮಣ್ಣು ತುಂಬಿ, ದಿಮ್ಮಸಿನಿಂದ ಬಡಿದು ಸಮ ಮಾಡಿ, ಮಣ್ಣು ಒಣಗಿ ಬಿರಿಯದಂತೆ ಮೇಲೆ ಟಾರ್ಪಾಲು ಹೊದಿಸುತ್ತಾರೆ. ಎರೆಹೊಲದ ಸೀಮೆಯವರಿಗೆ ಯಾಕೆಂದು ಹೇಳಿಕೊಡಬೇಕಿಲ್ಲ.